ಸೀ ಸ್ಲಗ್ ಥರ ಕಾಣುವ ಬಸವನಹುಳು: ನಾನು ಗುರುತಿಸುವ ರೀತಿ

ಹವಳ ದಿಬ್ಬದ ಮೇಲೆ ಚಿಪ್ಪು ಕಾಣದ ಮೆತ್ತನೆಯ ಪ್ರಾಣಿ ಕಂಡರೆ, ಅದು ಸೀ ಸ್ಲಗ್ (ಸಾಮಾನ್ಯವಾಗಿ ಹೊರಗೆ ಚಿಪ್ಪಿಲ್ಲದ ಕಡಲ ಮೃದ್ವಂಗಿ) ಇರಬಹುದು, ಚಿಪ್ಪನ್ನು ಮೈಯಿಂದ ಮುಚ್ಚಿಕೊಂಡ ಬಸವನಹುಳುವೂ ಇರಬಹುದು. ಯಾವುದೆಂದು ತಿಳಿಯಲು ಜಾಸ್ತಿ ಜನ ಮೊದಲು ಬಣ್ಣ ನೋಡುತ್ತಾರೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಮೊದಲು ಹುಡುಕುವುದು ಕೊಂಬು.

ಡೋರಿಡ್ ಗುಂಪಿನ ನೂಡಿಬ್ರಾಂಕ್‌ಗಳಲ್ಲಿ (ಇವು ಸೀ ಸ್ಲಗ್‌ಗಳ ಒಂದು ಬಗೆ) ಕೊಂಬುಗಳು ಬೆನ್ನಿನ ಮೇಲಿಂದಲೇ ಏಳುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಮಡಿಕೆಗಳಿರುತ್ತವೆ. ಹಿಂದುಗಡೆ ಕಿವಿರಿನ ಗೊಂಚಲು ಇರುತ್ತದೆ. ಆದರೆ ಹೆದರಿದಾಗ ಎಷ್ಟೋ ಡೋರಿಡ್‌ಗಳು ಕಿವಿರನ್ನು ಒಳಗೆ ಎಳೆದುಕೊಳ್ಳುತ್ತವೆ. ಹಾಗಾಗಿ ಗೊಂಚಲು ಕಾಣಲಿಲ್ಲ ಎಂದು ಸುಮ್ನೆ ತೀರ್ಮಾನಕ್ಕೆ ಬರುವುದಿಲ್ಲ. ಸ್ವಲ್ಪ ದೂರ ಸರಿದು ಕಾಯುತ್ತೇನೆ.

ಜಾಸ್ತಿ ಗೊಂದಲ ಮಾಡುವುದು ಕೊರಿಯೊಸೆಲ್ಲಾ ಎಂಬ ಬಸವನಹುಳು. ಕಪ್ಪು, ಕಂದು, ಕೆಲವೊಮ್ಮೆ ನೀಲಿ ಬಣ್ಣ. ಬೆನ್ನ ಮೇಲೆ ಬೆರಳಿನಂಥ ದಪ್ಪ ಉಬ್ಬುಗಳು. ತೆಳುವಾದ ಚಿಪ್ಪು ಪೂರ್ತಿ ಮೈಯೊಳಗೇ ಅಡಗಿರುತ್ತದೆ, ಎಷ್ಟು ಹೊತ್ತು ಕಾದರೂ ಹೊರಗೆ ಕಾಣುವುದಿಲ್ಲ. ಆಗ ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ ಮುಖದ ಫೋಟೊ ತೆಗೆಯುತ್ತೇನೆ. ನಯವಾದ ಎರಡು ಕೊಂಬುಗಳು ಹೊದಿಕೆಯ (ಮೈ ಮುಚ್ಚುವ ಮೆತ್ತನೆಯ ಪದರದ) ಅಂಚಿನ ಕೆಳಗಿಂದ ಇಣುಕುತ್ತವೆ. ಕೊಂಬಿನ ಬುಡದ ಹೊರಬದಿಯಲ್ಲಿ ಕಪ್ಪು ಚುಕ್ಕೆಯಂತೆ ಕಣ್ಣು. ಮುಂಭಾಗದಲ್ಲಿ ಹೊದಿಕೆ ಮಡಚಿಕೊಂಡು ನೀರು ಎಳೆಯುವ ಒಂದು ಕೊಳವೆ ಆಗಿರುತ್ತದೆ. ಇಷ್ಟು ಸಿಕ್ಕರೆ ಅದು ಬಸವನಹುಳುವೇ. ಮೇಲಿಂದ ತೆಗೆದ ಫೋಟೊದಲ್ಲಿ ಇದ್ಯಾವುದೂ ಬರುವುದಿಲ್ಲ.

ಮುಟ್ಟಿ ನೋಡಿದರೆ ಒಳಗಿನ ಚಿಪ್ಪು ಗಟ್ಟಿಯಾಗಿ ಕೈಗೆ ಸಿಗುತ್ತದಲ್ವಾ ಎಂದು ಕೇಳುವವರಿದ್ದಾರೆ. ಮುಟ್ಟುವುದು ಬೇಡ. ಅದರಿಂದ ಲಾಭವೂ ಕಡಿಮೆ, ಯಾಕೆಂದರೆ ಪ್ಲೂರೊಬ್ರಾಂಕ್ ಎಂಬ ನಿಜವಾದ ಸೀ ಸ್ಲಗ್‌ಗಳಲ್ಲೂ ಕೆಲವಕ್ಕೆ ಒಳಚಿಪ್ಪು ಇದೆ. ಅವುಗಳ ಕೊಂಬು ಸುರುಳಿ ಸುತ್ತಿದಂತಿರುತ್ತದೆ, ಕಿವಿರು ಬಲಬದಿಯಲ್ಲಿ ಹೊದಿಕೆಯ ಅಡಿ ಇರುತ್ತದೆ.

ಕವಡೆ ಇಷ್ಟು ಕಾಡುವುದಿಲ್ಲ. ಎರಡೂ ಬದಿಯಿಂದ ಹೊದಿಕೆ ಮೇಲೇರಿ ಚಿಪ್ಪನ್ನು ಮುಚ್ಚಿದರೂ, ನಡುಬೆನ್ನಿನಲ್ಲಿ ಅವು ಸೇರುವ ಗೆರೆ ಕಾಣುತ್ತದೆ. ಸ್ಕೂಟಸ್ ಎಂಬ ಇನ್ನೊಂದು ಬಸವನಹುಳುವಿನ ಕಪ್ಪು ಹೊದಿಕೆಯ ಮಧ್ಯೆ ಬಿಳಿ ಚಿಪ್ಪಿನ ತುಣುಕು ಹೊಳೆಯುತ್ತದೆ.

ಸ್ಟೊಮಟೆಲ್ಲಾ ಎಂಬ ಬಸವನಹುಳು ಸಮುದ್ರದ ನೀರಿನ ಅಕ್ವೇರಿಯಂಗಳಲ್ಲೂ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಮೈ ಉದ್ದ, ಚಿಪ್ಪು ಚಿಕ್ಕದು, ಓಡಾಟವೂ ಚುರುಕು. ಅದನ್ನು ಹಿಡಿಯಲು ಹೋಗಬೇಡಿ: ಗಾಬರಿಯಾದರೆ ಪಾದದ ಹಿಂಭಾಗವನ್ನೇ ಕಳಚಿ ಬಿಟ್ಟು ಓಡುತ್ತದೆ. ಪಾಚಿ ತಿನ್ನುವ ಸಾಧು ಪ್ರಾಣಿ, ಟ್ಯಾಂಕಿನಲ್ಲಿ ಇದ್ದರೆ ಒಳ್ಳೆಯದೇ.