ಕೆಲಸ ಬಿಟ್ಟೆ, ಪಾಲಿಸಿ ಬಿಡಲಿಲ್ಲ: ನನ್ನ ಅನುಭವ

"ಆರ್‌ಎ ಇರೋರಿಗೆ ಯಾರೂ ಆರೋಗ್ಯ ವಿಮೆ ಪಾಲಿಸಿ ಕೊಡಲ್ಲಮ್ಮ, ಆ ದುಡ್ಡನ್ನ ಎಫ್‌ಡಿ ಇಟ್ಟುಬಿಡು" ಅಂತ 2023ರಲ್ಲಿ ನಮ್ಮ ಭಾವ ಹೇಳಿದ್ದರು. ಏಜೆಂಟರದ್ದೂ ಅದೇ ಮಾತು. ಆರ್‌ಎ ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್, ಕೀಲುಗಳು ಊದಿ ನೋಯೋ ಕಾಯಿಲೆ, ನನಗಿರೋದು ಅದೇ. ಈ ಡಿಸೆಂಬರಿಗೆ ನನ್ನ ಸ್ವಂತ ಪಾಲಿಸಿಗೆ ಎರಡು ವರ್ಷ ತುಂಬಿತು, ಆ ಕಾಯಿಲೆಗೆ ಹಾಕಿಸಿಕೊಂಡ ರಿಟುಕ್ಸಿಮಾಬ್ ಇಂಜೆಕ್ಷನ್ನಿನ ದುಡ್ಡೂ ಕೈಗೆ ಬಂತು. ಅದಕ್ಕೇ ಬರೀತಿದ್ದೀನಿ.

ಕಾಯಿಲೆ ಗೊತ್ತಾಗಿದ್ದು 2016ರಲ್ಲಿ. ಬೆಂಗಳೂರಿನ ಕೆಲಸದಲ್ಲಿ ಆಫೀಸಿನವರು ಎಲ್ಲರಿಗೂ ಮಾಡಿಸೋ ಗ್ರೂಪ್ ಪಾಲಿಸಿ ಇದ್ದಷ್ಟು ದಿನ ಚಿಂತೆ ಇರಲಿಲ್ಲ. ಬೆರಳು ಕೀಬೋರ್ಡಿನ ಮೇಲೆ ಬಗ್ಗದಂತಾದಾಗ ಕೆಲಸ ಬಿಟ್ಟು ಶಿವಮೊಗ್ಗಕ್ಕೆ ವಾಪಸ್ ಬರೋದು ಅಂತಾಯ್ತು. ಗಾಬರಿಯಲ್ಲಿ ಮೂರು ಹೊಸ ವಿಮಾ ಕಂಪನಿಗಳಿಗೆ ಪ್ರಪೋಸಲ್ ಹಾಕಿದ್ದು ನನ್ನ ಮೊದಲ ತಪ್ಪು. ಒಂದು ಆಗಲ್ಲ ಅಂತು, ಒಂದು ಉತ್ತರವನ್ನೇ ಕೊಡಲಿಲ್ಲ, ಮೂರನೆಯದು ಕಾಯಿಲೆಗೆ ಅಂತ ಹೆಚ್ಚುವರಿ ಪ್ರೀಮಿಯಂ (ಲೋಡಿಂಗ್) ಸೇರಿಸಿ ಸುಮಾರು 38,000 ಕೇಳಿತು, ಮೇಲೆ ಆರ್‌ಎಗೆ ನಾಲ್ಕು ವರ್ಷ ವೇಟಿಂಗ್, ಅಂದರೆ ಅಲ್ಲಿಯವರೆಗೆ ಆ ಕಾಯಿಲೆಗೆ ಕ್ಲೇಮ್ ಇಲ್ಲ. ಒಬ್ಬ ಏಜೆಂಟ್ "ಕಾಯಿಲೆ ಬರೀಬೇಡಿ ಮೇಡಂ" ಅಂದರು. ಆ ಫಾರ್ಮ್ ಅಲ್ಲೇ ಹರಿದೆ. ನಮ್ಮ ಕೇಸ್ ಶೀಟಿನ ಮೊದಲ ಸಾಲಲ್ಲೇ ಆರ್‌ಎ ಅಂತಿರುತ್ತೆ. ಮುಚ್ಚಿಟ್ಟಿದ್ದು ಗೊತ್ತಾದರೆ ಕ್ಲೇಮೂ ಹೋಯ್ತು, ಪಾಲಿಸಿಯೂ ಹೋಯ್ತು.

ಕೈ ಹಿಡಿದಿದ್ದು ಮೈಗ್ರೇಷನ್. ಗ್ರೂಪ್ ಪಾಲಿಸಿ ಯಾವ ವಿಮಾ ಕಂಪನಿಯದೋ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಹೋಗೋದು. ಕೊನೆಯ ಕೆಲಸದ ದಿನಕ್ಕೆ ಒಂದೂವರೆ ತಿಂಗಳು ಮುಂಚೆ ಶುರು ಮಾಡಿದೆ. ಎಚ್‌ಆರ್‌ಗೆ ಗೊತ್ತಿರಲಿಲ್ಲ, ಕಾಲ್ ಸೆಂಟರಿನವರು ಅಂಥದ್ದೇ ಇಲ್ಲ ಅಂದರು. ಹನ್ನೊಂದೋ ಹನ್ನೆರಡೋ ಮೇಲ್ ಹೋಗಿರಬೇಕು. ಏಳು ವರ್ಷದ ಗ್ರೂಪ್ ಸರ್ಟಿಫಿಕೇಟುಗಳನ್ನ ವರ್ಷವಾರು ಜೋಡಿಸಿ ಕಳಿಸಿದ ಮೇಲೆ ದಾರಿಗೆ ಬಂದರು. ಆ ಮೇಲನ್ನು ಯಾರಿಗೆ, ಯಾವ ಮಾತಲ್ಲಿ ಬರೆದೆ ಅನ್ನೋದು ನನ್ನಲ್ಲೇ ಇರಲಿ. ಎಲ್ಲರೂ ಅದನ್ನೇ ಕಾಪಿ ಮಾಡಿದರೆ ಅದರ ಬಲ ಹೋಗುತ್ತೆ.

ಅಷ್ಟರಲ್ಲಿ ಫಾರ್ಮ್ ವಾಪಸ್ ಬಂತು, ಸಹಿ ಹೊಂದಲ್ಲ ಅಂತ! ಹೇಗೆ ಹೊಂದೀತು? ಬೆಳಗಿನ ಹೊತ್ತು ಹೆಬ್ಬೆರಳಿನ ಬುಡ ಊದಿಕೊಂಡು ಪೆನ್ನು ಹಿಡಿಯೋಕೇ ಆಗಲ್ಲ. ಹಳೇ ಸಹಿಯಲ್ಲಿದ್ದ ಸುತ್ತು ಈಗ ಬರೀ ಗೀರು. ಬ್ಯಾಂಕಿಗೆ ಹೋಗಿ ಹೊಸ ಸಹಿ ದಾಖಲು ಮಾಡಿಸಿ, ಮ್ಯಾನೇಜರ್ ಹತ್ತಿರ ದೃಢೀಕರಣ ಪತ್ರ ತಂದೆ. ನಾಲ್ಕು ದಿನ ಹೋಯ್ತು. ನೀವು ಇದನ್ನ ಮೊದಲೇ ಮಾಡಿಟ್ಟುಕೊಳ್ಳಿ. ಕೊನೆಗೆ ಐದು ಲಕ್ಷದ ಪಾಲಿಸಿ, ಜಿಎಸ್‌ಟಿ ಸೇರಿ ವರ್ಷಕ್ಕೆ 21,000 ಚಿಲ್ಲರೆ, ಆರ್‌ಎಗೆ ವೇಟಿಂಗ್ ಇಲ್ಲ ಅಂತ ಬರಹದಲ್ಲಿ. ಭಾವನಿಗೆ ಆ ಪುಟವನ್ನೇ ತೋರಿಸಿದೆ.

ಮರುವರ್ಷ ರಿಟುಕ್ಸಿಮಾಬ್ ಹಾಕಿಸಿದಾಗ ಕ್ಲೇಮ್ ತಿರಸ್ಕಾರ. ಎರಡು ಡೋಸಿಗೆ ಹತ್ತಿರ ಹತ್ತಿರ 90,000 ಕೈಯಿಂದಲೇ ಕಟ್ಟಿದ್ದೆ, ಚಿನ್ನದ ಸಾಲ ಮಾಡಿ. "24 ಗಂಟೆ ಅಡ್ಮಿಟ್ ಆಗಿಲ್ಲ" ಅನ್ನೋದು ಅವರ ಕಾರಣ. ಇಂಜೆಕ್ಷನ್ ಮೂಲಕ ಕೊಡೋ ಮೊನೊಕ್ಲೋನಲ್ ಆಂಟಿಬಾಡಿಯನ್ನ (ರಿಟುಕ್ಸಿಮಾಬ್ ಅಂಥದ್ದೇ ಔಷಧಿ) ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ 2019ರಲ್ಲೇ ಸೇರಿಸಿದೆ, ಡೇ ಕೇರ್ (ಅದೇ ದಿನ ಮನೆಗೆ ಕಳಿಸೋ ಚಿಕಿತ್ಸೆ) ಆದರೂ ಕವರ್ ಮಾಡಬೇಕು. ನನ್ನ ಪಾಲಿಸಿ ಪುಸ್ತಕದಲ್ಲೂ ಆ ಸಾಲು ಇತ್ತು. ಅದಕ್ಕೆ ಗೆರೆ ಎಳೆದು, ಡಾಕ್ಟರ್ ಪತ್ರ ಸೇರಿಸಿ ಕಂಪನಿಗೆ ದೂರು ಕೊಟ್ಟೆ. ಮತ್ತೆ ಇಲ್ಲ ಅಂದರು. ವಿಮೆಯ ದೂರು ಇತ್ಯರ್ಥ ಮಾಡೋ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋದೆ. ಫೀಸೂ ಇಲ್ಲ, ವಕೀಲರೂ ಬೇಡ. ವಿಚಾರಣೆಗೆ ಮೊದಲೇ ಕಂಪನಿ 84,000 ಹಾಕಿತು. ಒಡವೆ ಬಿಡಿಸಿಕೊಂಡು ಬಂದೆ.

ನಡುವೆ ಪೋರ್ಟ್ ಮಾಡೋಕೂ, ಅಂದರೆ ಪಾಲಿಸಿಯನ್ನ ಬೇರೆ ಕಂಪನಿಗೆ ಬದಲಾಯಿಸೋಕೂ ನೋಡಿದೆ. ರಿನ್ಯೂವಲ್‌ಗೆ 45 ದಿನ ಮುಂಚೆ ಎರಡು ಕಡೆ ಅರ್ಜಿ, ಎರಡೂ ಕಡೆ ಬೇಡ ಅಂದರು. ಹಳೇದನ್ನ ಬಿಟ್ಟಿರಲಿಲ್ಲ, ಬಚಾವ್. ಬದಲಿಗೆ, ನಿಗದಿತ ಮೊತ್ತ ದಾಟಿದ ಖರ್ಚಿಗೆ ಸಿಗೋ ಹತ್ತು ಲಕ್ಷದ ಸೂಪರ್ ಟಾಪ್‌ಅಪ್ ತಗೊಂಡೆ, ವರ್ಷಕ್ಕೆ ಐದು ಸಾವಿರದ ಆಸುಪಾಸು. ಅದರಲ್ಲಿ ಆರ್‌ಎಗೆ 36 ತಿಂಗಳು ಕಾಯಬೇಕು, ಕಾಯ್ತಿದ್ದೀನಿ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದಿದ್ದರಿಂದ ಈ ಸಲದ ರಿನ್ಯೂವಲ್ 20,000ದ ಒಳಗೇ ಮುಗೀತು. ಮುಂದಿನ ಡೋಸ್ ಮಾರ್ಚಿನಲ್ಲಿ. ಈ ಸಲ ಕ್ಯಾಶ್‌ಲೆಸ್ ಕೇಳ್ತೀನಿ, ಒಂಬುಡ್ಸ್‌ಮನ್ ಕಡತದ ಪ್ರತಿಯನ್ನೂ ಜೊತೆಗಿಟ್ಟು.