ಹಳೇ ಸ್ಕೂಬಾ ಸಿಲಿಂಡರ್‌ ಮತ್ತೆ ನೀರಿಗಿಳಿಯಬೇಕೆ? ಬಣ್ಣದ ಡಬ್ಬಿ ಆಮೇಲೆ ತೆರೆಯಿರಿ

ಅಮೆರಿಕದ ಗ್ಯಾರೇಜ್ ಸೇಲ್‌ಗಳಲ್ಲಿ 1960, 70ರ ದಶಕದ ಉಕ್ಕಿನ ಸ್ಕೂಬಾ ಸಿಲಿಂಡರ್‌ಗಳು ಈಗಲೂ ಸಿಗುತ್ತವೆ. ಡೈವರ್‌ಗಳು ಇದನ್ನು ‘ಸ್ಟೀಲ್ 72’ ಅನ್ನುತ್ತಾರೆ. ಲೆಕ್ಕ ಹಾಕಿದರೆ ಹಿಡಿಯುವುದು 71.2 ಘನ ಅಡಿ ಗಾಳಿ. ಅಲ್ಯೂಮಿನಿಯಂ ಸಿಲಿಂಡರ್‌ ಖಾಲಿಯಾಗುತ್ತಾ ಬಂದಂತೆ ತೇಲಲು ನೋಡುತ್ತದೆ. ಉಕ್ಕಿನದಕ್ಕೆ ಆ ಕಾಟ ಕಡಿಮೆ. ಸೊಂಟಕ್ಕೆ ಕಟ್ಟುವ ಸೀಸದ ಭಾರವೂ ಕಡಿಮೆ ಸಾಕು. ಹುಡುಕಿಕೊಂಡು ಹೋಗುವವರು ಇರುವುದು ಅದಕ್ಕೇ.

ಹೊಸದಾಗಿ ಬಣ್ಣ ಬಳಿದು ಮಾರುವವರಿಂದ ಮಾತ್ರ ದೂರ ಇರಿ. ಬಣ್ಣ ಕಿತ್ತುಹೋದದ್ದೇ ವಾಸಿ, ಇರುವ ದೋಷ ಕಣ್ಣಿಗೆ ಕಾಣುತ್ತದೆ.

ಮೊದಲು ಮುದ್ರೆ ಓದಿ

ಕುತ್ತಿಗೆಯ ಕೆಳಗಿನ ದುಂಡು ಭಾಗದಲ್ಲಿ ಅಕ್ಷರಗಳನ್ನು ಒತ್ತಿರುತ್ತಾರೆ. ‘3ಎಎ2250’ ಅಂದರೆ ಕ್ರೋಮ್-ಮಾಲಿಬ್ಡಿನಂ ಉಕ್ಕು, 2,250 ಪಿಎಸ್‌ಐ ಒತ್ತಡ. ಕಾರಿನ ಟೈರಿನಲ್ಲಿ ಇರುವುದು ಮೂವತ್ತು ಚಿಲ್ಲರೆ. ಪರೀಕ್ಷೆಯ ತಿಂಗಳು, ವರ್ಷದ ಪಕ್ಕದಲ್ಲಿ ‘+’ ಗುರುತು ಇದ್ದರೆ ಶೇ 10ರಷ್ಟು ಜಾಸ್ತಿ, ಅಂದರೆ 2,475ರವರೆಗೆ ತುಂಬಬಹುದು. ಆ 71.2ರ ಲೆಕ್ಕ ಇರುವುದೂ ಈ ಒತ್ತಡಕ್ಕೇ. ಮುದ್ರೆಯನ್ನು ಯಾರೋ ಉಜ್ಜಿ ಅಳಿಸಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಖಾಲಿ ಮಾಡುವುದು

ವಾಲ್ವನ್ನು ನಿಧಾನಕ್ಕೆ ತೆರೆಯಿರಿ, ತೆರೆದೇ ಇಡಿ. ಸದ್ದು ಬರಲಿಲ್ಲ ಎಂದ ಮಾತ್ರಕ್ಕೆ ಖಾಲಿ ಅಂತಲ್ಲ. ತುಕ್ಕಿನ ಪುಡಿ ದಾರಿ ಕಟ್ಟಿಕೊಂಡು ಒಳಗೆ ಒತ್ತಡ ಹಾಗೇ ನಿಂತಿರಬಹುದು. ಹಾಗಾಗಿ ವಾಲ್ವ್ ಬಿಚ್ಚುವ ಕೆಲಸ ಮನೆಯಲ್ಲಿ ಬೇಡ, ಡೈವ್ ಅಂಗಡಿಗೆ ಒಯ್ಯಿರಿ. ಒಳಗಿದ್ದ ಹಳೇ ಗಾಳಿಯನ್ನು ಸುಮ್ನೆ ಪರೀಕ್ಷೆಗೆಂದೂ ಉಸಿರಾಡಬೇಡಿ. ಕಬ್ಬಿಣ ತುಕ್ಕು ಹಿಡಿಯುವಾಗ ಆಮ್ಲಜನಕ ಖರ್ಚಾಗುತ್ತದೆ. ತೇವವಿದ್ದ ಸಿಲಿಂಡರ್‌ನಲ್ಲಿ ತಿಂಗಳುಗಟ್ಟಲೆ ಕುಳಿತ ಗಾಳಿ ಪ್ರಜ್ಞೆ ತಪ್ಪಿಸಬಲ್ಲದು.

ಒಳಗೆ ಇಣುಕಿ

ತಂತಿಗೆ ಕಟ್ಟಿದ ಸಣ್ಣ ಬಲ್ಬನ್ನು ಒಳಗೆ ಇಳಿಸಿ ನೋಡುತ್ತಾರೆ. ಒರೆಸಿದರೆ ಹೋಗುವ ಕೇಸರಿ ಪುಡಿ ಇದ್ದರೆ ಚಿಂತೆಯಿಲ್ಲ. ಹಕ್ಕಳೆ ಎದ್ದಿದ್ದರೆ ಕೆಳಗೆ ಏನಾಗಿದೆ ಅಂತ ನೋಡಬೇಕು. ಗುಳಿ ಬಿದ್ದಿದ್ದರೆ, ಅದರಲ್ಲೂ ಸಾಲಾಗಿ ಬಿದ್ದಿದ್ದರೆ, ಆ ಸಿಲಿಂಡರ್ ಬಹುಪಾಲು ಗುಜರಿಗೇ. ಕೆಲವು ಹಳೆಯವಕ್ಕೆ ಒಳಗಡೆ ಎಪಾಕ್ಸಿ ಲೇಪ ಕೊಡುತ್ತಿದ್ದರು. ತುಕ್ಕು ತಡೆಯಲೆಂದು ಹಚ್ಚಿದ್ದು, ಆದರೆ ಲೇಪದಡಿ ನೀರು ನುಸುಳಿದರೆ ತುಕ್ಕು ಅಡಗಿಕೊಂಡೇ ತಿನ್ನುತ್ತದೆ. ಸಡಿಲವಾದ ಲೇಪವನ್ನು ಪೂರ್ತಿ ತೆಗೆಸದೆ ಮುಂದೆ ಹೋಗಬೇಡಿ.

ಉರುಳಿಸಿ ತೊಳೆಯುವುದು

ಸಿಲಿಂಡರ್‌ಗೆ ಅರ್ಧದಷ್ಟು ಸೆರಾಮಿಕ್ ಅಥವಾ ಅಲ್ಯೂಮಿನಿಯಂ ಆಕ್ಸೈಡ್ ಚೂರು, ನೀರು, ಚೂರು ಸೋಪು ಹಾಕಿ ರೋಲರ್‌ಗಳ ಮೇಲೆ ಮಲಗಿಸಿ ಗಂಟೆಗಟ್ಟಲೆ ಉರುಳಿಸುತ್ತಾರೆ. ನಡುನಡುವೆ ನಿಲ್ಲಿಸಿ ನೋಡಬೇಕು, ಯಾಕಂದರೆ ಚೂರುಗಳು ತುಕ್ಕನ್ನಷ್ಟೇ ಅಲ್ಲ, ಉಕ್ಕನ್ನೂ ಸವೆಸುತ್ತವೆ. ಆಸಿಡ್ ಸುರಿದು ಬೇಗ ಮುಗಿಸೋಣ ಅನ್ನುವವರ ಮಾತು ಕೇಳಬೇಡಿ.

ಕಷ್ಟ ಇರುವುದು ಒಣಗಿಸುವುದರಲ್ಲಿ. ತೊಳೆದ ಹಸಿ ಉಕ್ಕು ನೋಡನೋಡುತ್ತಲೇ ಮತ್ತೆ ಕೇಸರಿಯಾಗುತ್ತದೆ. ಕೊನೆಯ ನೀರು ಬಿಸಿಯಾಗಿರಲಿ, ಆಗ ಲೋಹವೂ ಬಿಸಿಯಾಗುತ್ತದೆ. ತಕ್ಷಣ ಬೋರಲು ಹಾಕಿ, ಎಣ್ಣೆಯಿಲ್ಲದ ಒಣಗಾಳಿಯನ್ನು ಒಳಗೆ ಊದಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಅಷ್ಟೂ ಹೊತ್ತು ಉರುಳಿಸಿದ್ದು ದಂಡ.

ಹೊರಮೈ

ತಳದ ಪ್ಲಾಸ್ಟಿಕ್ ಬೂಟನ್ನು ಕಿತ್ತುಹಾಕಿ. ಉಪ್ಪುನೀರು ನಿಲ್ಲುವುದು ಅಲ್ಲೇ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಮಾಸ್ಕ್ ಹಾಕಿಕೊಳ್ಳಿ. ಪೇಂಟ್ ರಿಮೂವರ್, ಕೈಯಲ್ಲಿ ಉಜ್ಜುವ ಬ್ರಷ್ ಸಾಕು. ಗ್ರೈಂಡರ್ ಮುಟ್ಟಲೇಬೇಡಿ, ಗೋಡೆ ತೆಳುವಾಗುತ್ತದೆ. ಬೆಂಕಿಯೂ ಬೇಡ, ಉಕ್ಕಿಗೆ ಕೊಟ್ಟ ಹದ ಕೆಡುತ್ತದೆ. ಸತುವಿನ ಲೇಪ ಇರುವ ಸಿಲಿಂಡರ್ ಆದರೆ ತೊಳೆದು ಹಾಗೇ ಬಿಡಿ. ಅದಕ್ಕಿಂತ ಒಳ್ಳೆಯ ಬಣ್ಣ ಇಲ್ಲ.

ತೀರ್ಪು ಕೊಡುವ ಹೈಡ್ರೋ ಟೆಸ್ಟ್

ಅಮೆರಿಕದಲ್ಲಿ ಇದು ಐದು ವರ್ಷಕ್ಕೊಮ್ಮೆ ಆಗಲೇಬೇಕು. ಸಿಲಿಂಡರ್‌ಗೆ ನೀರು ತುಂಬಿ, ಅದನ್ನು ನೀರಿರುವ ಇನ್ನೊಂದು ಗಟ್ಟಿ ತೊಟ್ಟಿಯೊಳಗೆ ಮುಚ್ಚುತ್ತಾರೆ. ಒಳಗಿನ ಒತ್ತಡವನ್ನು 2,250ರ ಮೂರನೇ ಐದರಷ್ಟು, ಅಂದರೆ 3,750 ಪಿಎಸ್‌ಐಗೆ ಏರಿಸುತ್ತಾರೆ. ಸಿಲಿಂಡರ್ ಸ್ವಲ್ಪ ಉಬ್ಬಿ ಹೊರಗಿನ ನೀರನ್ನು ತಳ್ಳುತ್ತದೆ. ಎಷ್ಟು ತಳ್ಳಿತು ಎಂದು ಅಳೆಯುತ್ತಾರೆ. ಒತ್ತಡ ಇಳಿಸಿದ ಮೇಲೆ ಮತ್ತೆ ಹಳೇ ಅಳತೆಗೆ ಬರಬೇಕು. ಉಬ್ಬಿದ್ದರಲ್ಲಿ ಶೇ 10ಕ್ಕಿಂತ ಜಾಸ್ತಿ ಹಾಗೇ ಉಳಿದರೆ ಫೇಲ್. ಗಾಳಿಯ ಬದಲು ನೀರು ಯಾಕೆ ಅಂದರೆ, ನೀರು ಹೆಚ್ಚು ಕುಗ್ಗುವುದಿಲ್ಲ. ಅಕಸ್ಮಾತ್ ಒಡೆದರೂ ಬಾಂಬಿನಂತೆ ಸಿಡಿಯುವುದಿಲ್ಲ.

ಪಾಸಾದರೆ ಹೊಸ ತಾರೀಖು ಒತ್ತುತ್ತಾರೆ. ‘+’ ಬೇಕಿದ್ದರೆ ಮೊದಲೇ ಕೇಳಿ. ಫೇಲಾದದ್ದನ್ನು ಇನ್ನೊಂದು ಕಡೆ ಒಯ್ದು ಅದೃಷ್ಟ ನೋಡಬೇಡಿ.

ವಾಲ್ವ್, ಬಣ್ಣ

ಹಳೆಯವುಗಳ ಕುತ್ತಿಗೆಯಲ್ಲಿ ವಾಲ್ವ್ ಕೂರಲು ಅರ್ಧ ಇಂಚಿನ, ಒಳಹೋದಂತೆ ಕಿರಿದಾಗುವ ತಿರುಪಿನ ಎಳೆ (ಥ್ರೆಡ್) ಇರುತ್ತದೆ, ಅದಕ್ಕೆ ಟೆಫ್ಲಾನ್ ಟೇಪ್ ಸುತ್ತಬೇಕು. ನಂತರದವಕ್ಕೆ ಮುಕ್ಕಾಲು ಇಂಚಿನ ನೇರ ಎಳೆ, ಗಾಳಿ ಸೋರದಂತೆ ಓ-ರಿಂಗ್ ಎಂಬ ರಬ್ಬರ್ ಬಳೆ. ಯುರೋಪಿನ ಎಂ25 ಅಳತೆ ಬೇರೆಯೇ. ಆ ಅಳತೆಯ ವಾಲ್ವ್ ಮುಕ್ಕಾಲು ಇಂಚಿನ ಕುತ್ತಿಗೆಯೊಳಗೆ ತಿರುಗಿ ಕೂತಂತೆ ಕಾಣುತ್ತದೆ, ಗಾಳಿ ತುಂಬುವಾಗ ಗುಂಡಿನಂತೆ ಹಾರಬಹುದು. ಓ-ರಿಂಗ್, ಒತ್ತಡ ಮಿತಿಮೀರಿದರೆ ಒಡೆದು ಗಾಳಿ ಬಿಡುವ ಬರ್ಸ್ಟ್ ಡಿಸ್ಕ್, ಎರಡನ್ನೂ ಹೊಸದು ಹಾಕಿಸಿ.

ಈಗ ಬಣ್ಣ ಬಳಿಯಬಹುದು: ಮೊದಲು ಸತು ಹೆಚ್ಚಿರುವ ಪ್ರೈಮರ್, ಮೇಲೆ ಎಪಾಕ್ಸಿ. ಮುದ್ರೆ ಮುಚ್ಚಿಹೋಗದಂತೆ ತೆಳ್ಳಗೆ ಹಚ್ಚಿ. ಓವನ್‌ನಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ಬೇಡ.

ಅಮೆರಿಕದಿಂದ ಒಂದನ್ನು ಹೊತ್ತು ತಂದು ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ಇಳಿಯುವ ಆಸೆ ಇದ್ದರೆ, ಇಲ್ಲಿನ ಕಾನೂನು ಬೇರೆ. ಭಾರತದಲ್ಲಿ ಸಿಲಿಂಡರ್‌ಗಳು 2016ರ ಗ್ಯಾಸ್ ಸಿಲಿಂಡರ್ ನಿಯಮಗಳಡಿ ಬರುತ್ತವೆ. ನಾಗಪುರದ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಒಪ್ಪಿಗೆ ಇಲ್ಲದ್ದಕ್ಕೆ ಗಾಳಿ ತುಂಬುವಂತಿಲ್ಲ.

ಸಿದ್ಧವಾದ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಇಡಿ. ಒಳಗೆ ನೀರು ಉಳಿದಿದ್ದರೂ ಅದು ದಪ್ಪನೆಯ ತಳಕ್ಕೇ ಇಳಿಯುತ್ತದೆ. ನೀರಿನಡಿ ಪೂರ್ತಿ ಖಾಲಿಯಾಗಲು ಬಿಡಬೇಡಿ, ಸ್ವಲ್ಪ ಗಾಳಿ ಉಳಿಸಿಕೊಂಡೇ ಮೇಲೆ ಬನ್ನಿ. ವರ್ಷಕ್ಕೊಮ್ಮೆ ವಾಲ್ವ್ ತೆಗೆಸಿ ಒಳಗೆ ನೋಡಿಸಿ.