ಹುಡುಕಿ ಆರಿಸಿದ್ದು ಕೈತಪ್ಪದಿರಲಿ: ಪಬ್‌ಮೆಡ್‌ನಲ್ಲಿ ಕೆಲಸ ಉಳಿಸಿಕೊಳ್ಳುವ ಬಗೆ

ಒಂದು ಸಂಜೆ ಕುಳಿತು ಮಂಗನ ಕಾಯಿಲೆಯ ಬಗ್ಗೆ, ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ 42 ಸಂಶೋಧನಾ ಲೇಖನಗಳನ್ನು ಆರಿಸಿದ್ದೆ. ಒಂದೊಂದರ ಸಾರಾಂಶ ಓದಿ, ಬೇಕೆನಿಸಿದ್ದಕ್ಕೆ ಗುರುತು ಹಾಕಿ, ಆರಿಸಿದ್ದನ್ನು ತಾತ್ಕಾಲಿಕವಾಗಿ ಇಡುವ ಅಲ್ಲಿನ ಕ್ಲಿಪ್‌ಬೋರ್ಡ್‌ಗೆ ಸೇರಿಸಿದ್ದೆ. ಬೆಳಿಗ್ಗೆ ತೆರೆದು ನೋಡಿದರೆ ಒಂದೂ ಇರಲಿಲ್ಲ. ವೈದ್ಯ ವಿದ್ಯಾರ್ಥಿಗಳು ಇದೇ ಸಂಕಟ ಹೇಳಿಕೊಳ್ಳುವುದನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಅದಕ್ಕಾಗಿಯೇ ಈ ಬರಹ.

ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುವ ಪಬ್‌ಮೆಡ್ 1997ರಿಂದ ಎಲ್ಲರಿಗೂ ಉಚಿತ. ಹುಡುಕಲು ಖಾತೆ ಬೇಕಿಲ್ಲ, ಉಳಿಸಿಡಲು ಬೇಕೇ ಬೇಕು. ಆದ್ದರಿಂದ ಮೊದಲು ಪುಟದ ಮೇಲ್ತುದಿಯ ‘ಲಾಗ್ ಇನ್’ ಒತ್ತಿ ‘ಮೈ ಎನ್‌ಸಿಬಿಐ’ ಖಾತೆ ತೆರೆಯಿರಿ. ಗೂಗಲ್ ಖಾತೆಯಿಂದಲೂ ಒಳಹೋಗಬಹುದು.

ಈಗ ಹುಡುಕಾಟ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಕಾಯಿಲೆಯಾದ್ದರಿಂದ ಅದರ ಇಂಗ್ಲಿಷ್ ಹೆಸರಿನಲ್ಲೇ ‘ಕ್ಯಾಸನೂರು’ (Kyasanur) ಇದೆ. ಆ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕಿ, ನಂತರ ‘ವ್ಯಾಕ್ಸಿನ್’ ಎಂದು ಬೇರೆಯಾಗಿ ಹುಡುಕಿ. ‘ಅಡ್ವಾನ್ಸ್ಡ್’ ಪುಟದ ಹಿಸ್ಟರಿಯಲ್ಲಿ ಎರಡೂ ಹುಡುಕಾಟಗಳು ಸಂಖ್ಯೆ ಹೊತ್ತು ನಿಂತಿರುತ್ತವೆ. ಅಲ್ಲಿಯೇ ಅವೆರಡನ್ನೂ ಜೋಡಿಸಬಹುದು.

ಫಲಿತಾಂಶದಲ್ಲಿ ಬೇಕಾದ ಲೇಖನಗಳ ಪಕ್ಕದ ಚೌಕಕ್ಕೆ ಗುರುತು ಹಾಕಿ, ‘ಸೆಂಡ್ ಟು’ ಒತ್ತಿ ಕ್ಲಿಪ್‌ಬೋರ್ಡ್ ಆರಿಸಿ. ಅದರಲ್ಲಿ 500 ಲೇಖನಗಳವರೆಗೆ ಹಿಡಿಯುತ್ತದೆ. ಮೊದಲ ಸುತ್ತಿನಲ್ಲಿ ಜೊಳ್ಳು ತೂರಿ ಕಾಳು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಎಂಟು ಗಂಟೆ ಕಾಲ ಪಬ್‌ಮೆಡ್ ಬಳಸದಿದ್ದರೆ ಕ್ಲಿಪ್‌ಬೋರ್ಡೂ ಹಿಸ್ಟರಿಯೂ ಅಳಿಸಿಹೋಗುತ್ತವೆ. ರಾತ್ರಿಯ ಒಂದು ನಿದ್ದೆಗೆ ಎಲ್ಲವೂ ಖಾಲಿ! ಆದ್ದರಿಂದ ಕುರ್ಚಿಯಿಂದ ಏಳುವ ಮುನ್ನ ಕ್ಲಿಪ್‌ಬೋರ್ಡ್ ತೆರೆದು, ಮತ್ತೆ ‘ಸೆಂಡ್ ಟು’ ಒತ್ತಿ, ‘ಕಲೆಕ್ಷನ್ಸ್’ ಆರಿಸಿ, ಹೊಸ ಸಂಗ್ರಹಕ್ಕೆ ಹೆಸರು ಕೊಟ್ಟು ಉಳಿಸಿ. ಹೆಸರಿನಲ್ಲಿ ವಿಷಯವೂ ದಿನಾಂಕವೂ ಇರಲಿ. ಬರೀ ‘ಹೊಸತು’ ಎಂದಿಟ್ಟರೆ ಮೂರು ತಿಂಗಳ ನಂತರ ಅದರಲ್ಲಿ ಏನಿದೆಯೆಂದು ನಿಮಗೇ ತಿಳಿಯದು.

ಹೆಚ್ಚಿನವರು ಗೊಂದಲಕ್ಕೆ ಬೀಳುವುದು ಇದರ ನಂತರ. ಕಲೆಕ್ಷನ್‌ನಲ್ಲಿ ಉಳಿಯುವುದು ನೀವು ಆರಿಸಿದ ಲೇಖನಗಳ ಪಟ್ಟಿ; ನಾಳೆ ಪ್ರಕಟವಾಗುವ ಲೇಖನ ತಾನಾಗಿ ಅದಕ್ಕೆ ಸೇರುವುದಿಲ್ಲ. ಹೊಸದೂ ಬೇಕೆಂದರೆ ಹುಡುಕಾಟವನ್ನೇ ಉಳಿಸಬೇಕು. ಹುಡುಕುವ ಪೆಟ್ಟಿಗೆಯ ಕೆಳಗಿನ ‘ಕ್ರಿಯೇಟ್ ಅಲರ್ಟ್’ ಒತ್ತಿದರೆ ಹುಡುಕಾಟಕ್ಕೆ ಹೆಸರು ಕೇಳುತ್ತದೆ. ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಇಮೇಲ್ ಬರುವಂತೆ ಮಾಡಿಕೊಳ್ಳಬಹುದು. ಮಂಗನ ಕಾಯಿಲೆಯಂತಹ ವಿಷಯಕ್ಕೆ ತಿಂಗಳಿಗೊಮ್ಮೆ ಸಾಕು. ಇಮೇಲ್ ಬೇಡವೆಂದರೂ ಹುಡುಕಾಟ ಖಾತೆಯಲ್ಲಿ ಉಳಿದಿರುತ್ತದೆ. ಹೀಗೆ ಉಳಿಸುವಾಗ ಹಿಸ್ಟರಿಯ ಸಂಖ್ಯೆಗಳನ್ನು ನೆಚ್ಚದೆ ಪದಗಳನ್ನೇ ಪೂರ್ತಿ ಬರೆಯಿರಿ. ಆ ಸಂಖ್ಯೆಗಳಿಗೆ ಅರ್ಥವಿರುವುದು ಆ ಹೊತ್ತಿನ ಹಿಸ್ಟರಿಯಲ್ಲಿ ಮಾತ್ರ.

ತೀರಾ ಮುಖ್ಯವೆನಿಸಿದ ನಾಲ್ಕೈದು ಲೇಖನಗಳ ಪಿಎಂಐಡಿ (PMID), ಅಂದರೆ ಪ್ರತಿ ಲೇಖನಕ್ಕೂ ಪಬ್‌ಮೆಡ್ ಕೊಡುವ ಗುರುತಿನ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾವ ಕಂಪ್ಯೂಟರ್ ಎದುರು ಕುಳಿತರೂ, ಲಾಗ್ ಇನ್ ಆಗದಿದ್ದರೂ, ಆ ಸಂಖ್ಯೆಯನ್ನು ಪೆಟ್ಟಿಗೆಯಲ್ಲಿ ಟೈಪ್ ಮಾಡಿದರೆ ಅದೇ ಲೇಖನ ತೆರೆದುಕೊಳ್ಳುತ್ತದೆ.